ಒಡ್ಡು ಕಟ್ಟಿದರೆ ಒತ್ತಡ

ಓಡುತ್ತಿರುವ ವಾಹನದ ಎಂಜಿನ್ ಥಟ್ಟನೆ ನಿಂತರೆ ಸ್ಟೀರಿಂಗ್ ಕಲ್ಲಾಗುತ್ತದೆ. ಇದು ವಾಹನ ಓಡಿಸುವ ಎಲ್ಲರಿಗೂ ಗೊತ್ತು. ಎಂಜಿನ್ ನಿಂತಿತು, ಪವರ್ ಹೋಯಿತು, ಅದಕ್ಕೇ ಟೈಟ್ ಆಯಿತು ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಈ ಉತ್ತರ ಅರ್ಧ ಮಾತ್ರ. ಪವರ್ ಸ್ಟೀರಿಂಗ್ ಎಂಬುದೇ ಇಲ್ಲದ ಹಳೆಯ ಲಾರಿಗಳನ್ನು ಚಾಲಕರು ದಶಕಗಳ ಕಾಲ ಬರಿಗೈಯಲ್ಲಿ ತಿರುಗಿಸಿದ್ದಾರೆ, ಹೊರೆ ತುಂಬಿಕೊಂಡು ಘಾಟಿ ಇಳಿಸಿದ್ದಾರೆ. ಹಾಗಿದ್ದರೆ ಪವರ್ ಕೈಕೊಟ್ಟ ಹೊಸ ವಾಹನ, ಪವರ್ರೇ ಇಲ್ಲದ ಆ ಹಳೆಯ ಲಾರಿಗಿಂತ ಹೆಚ್ಚು ಮೊಂಡು ಹಿಡಿಯುವುದೇಕೆ? ಎಂಜಿನ್ ಚೆನ್ನಾಗಿ ಓಡುತ್ತಿದ್ದಾಗಲೂ, ಸ್ಟೀರಿಂಗಿನ ಎಣ್ಣೆ ತುಂಬಿದ್ದಾಗಲೂ ಕೆಲವೊಮ್ಮೆ ಸ್ಟೀರಿಂಗ್ ಬಿಗಿಯಾಗುತ್ತದಲ್ಲ, ಅದೇಕೆ? ಅದೂ ಬೆಳಿಗ್ಗೆ ಮಾತ್ರ, ಅಥವಾ ಬಿಸಿಯಾದ ಮೇಲೆ ಮಾತ್ರ, ಅಥವಾ ಬ್ರೇಕ್ ಒತ್ತಿದಾಗ ಮಾತ್ರ ಯಾಕೆ? ಈ ಪ್ರಶ್ನೆಗಳಿಗೆಲ್ಲ ಒಂದೇ ತತ್ವ ಉತ್ತರ ಕೊಡುತ್ತದೆ. ಆ ತತ್ವ ತಿಳಿಯದೆ ರಿಪೇರಿಗೆ ಕೈಹಾಕಿದವರು ಸಾಮಾನ್ಯವಾಗಿ ಮೊದಲು ಬದಲಿಸುವುದು ಆ ಎಣ್ಣೆಯನ್ನು ತಳ್ಳುವ ಪಂಪನ್ನು. ಆದರೆ ಪಂಪ್ ಏನು ಮಾಡುತ್ತದೆ ಎಂಬ ವಿಷಯದಲ್ಲೇ ನಮ್ಮ ಮೊದಲ ತಪ್ಪು ಕಲ್ಪನೆ ಇರುವುದು.

ಎರಡು ಟನ್ನಿನ ಮೂತಿ

ಈ ಸಮಸ್ಯೆಯನ್ನು ಅದರ ಪೂರ್ಣ ರೂಪದಲ್ಲಿ ನೋಡಬೇಕಾದರೆ ಅಮೆರಿಕದ ಹೆವಿ ಡ್ಯೂಟಿ ಪಿಕಪ್ ಟ್ರಕ್ಕಿಗಿಂತ ಒಳ್ಳೆಯ ಉದಾಹರಣೆ ಸಿಗದು. ಫೋರ್ಡ್ ಎಫ್-250, ಷೆವರ್ಲೆ ಸಿಲ್ವರಾಡೊ 2500, ರ‍್ಯಾಮ್ 2500 ಈ ಜಾತಿಯವು. ಮನೆಯ ಕಾರಿನಂತೆ ಓಡಿಸಬೇಕು, ಆದರೆ ಲಾರಿಯಂತೆ ದುಡಿಯಬೇಕು ಎಂಬುದು ಇವುಗಳ ಹಣೆಬರಹ. ಕುದುರೆ ಸಾಗಿಸುವ ಟ್ರೇಲರ್, ಹುಲ್ಲಿನ ಸುರುಳಿ, ಹಿಮ ತಳ್ಳುವ ಗುದ್ದಲಿಪಟ್ಟಿ, ಎಲ್ಲವೂ ಇವುಗಳ ಪಾಲಿಗೇ ಬರುತ್ತವೆ. ಅಲ್ಲಿನ ಸರ್ಕಾರಿ ವರ್ಗೀಕರಣದಲ್ಲಿ ಈ ಗಾತ್ರದ ಗಾಡಿಗಳ ಪೂರ್ತಿ ತುಂಬಿದ ತೂಕದ ಮಿತಿ ಸುಮಾರು 3.9ರಿಂದ 4.5 ಟನ್. ಡೀಸೆಲ್ ಎಂಜಿನ್ ಒಂದೇ ಅರ್ಧ ಟನ್ನಿನಷ್ಟು ತೂಗುತ್ತದೆ, ಅದು ಕುಳಿತಿರುವುದು ಮುಂದಿನ ಚಕ್ರಗಳ ಮೇಲೆಯೇ. ಹೀಗಾಗಿ ಗಾಡಿ ಖಾಲಿ ಇದ್ದಾಗಲೂ ಮುಂದಿನ ಅಚ್ಚಿನ ಮೇಲೆ ಹೆಚ್ಚುಕಡಿಮೆ 2 ಟನ್ ಭಾರ.

ಓಡುವ ಚಕ್ರವನ್ನು ತಿರುಗಿಸುವುದು ಸುಲಭ, ನಿಂತ ಚಕ್ರವನ್ನು ತಿರುಗಿಸುವುದು ಕಷ್ಟ. ಉರುಳುವ ಟೈರು ನೆಲದ ಮೇಲೆ ಹೆಜ್ಜೆ ಬದಲಿಸುತ್ತಾ ಹೋಗುತ್ತದೆ. ನಿಂತ ಟೈರು ಇದ್ದಲ್ಲೇ ನೆಲವನ್ನು ಉಜ್ಜಬೇಕು. ತುಂಬಿದ ಹಗೇವಿನ ಬಾಯಿಕಲ್ಲನ್ನು ಎತ್ತದೆ, ಇದ್ದಲ್ಲೇ ತಿರುವಿದಂತೆ. ಇದರ ಮೇಲೆ ಮಾಲೀಕ ಅಂದಕ್ಕೆಂದು ಅಗಲದ ದೊಡ್ಡ ಟೈರು ಹಾಕಿಸಿದ್ದರೆ, ಗಾಳಿ ಕಡಿಮೆ ಇದ್ದರೆ, ಚಕ್ರ ಹೊರಚಾಚುವ ರಿಮ್ ಹಾಕಿಸಿದ್ದರೆ, ಉಜ್ಜುವ ಜಾಗವೂ ಹೆಚ್ಚುತ್ತದೆ, ಉಜ್ಜಾಟದ ದೂರವೂ ಹೆಚ್ಚುತ್ತದೆ. ಬಿಗಿ ಸ್ಟೀರಿಂಗಿನ ದೂರು ಪಾರ್ಕಿಂಗ್ ಜಾಗದಲ್ಲೇ ಮೊದಲು ಹುಟ್ಟುವುದು ಇದಕ್ಕಾಗಿ. ಅತಿ ಹೆಚ್ಚು ಬಲ ಬೇಕಾಗುವ ಈ ಗಳಿಗೆಯಲ್ಲಿ ಎಂಜಿನ್ ತಿರುಗುತ್ತಿರುವುದು ಅತಿ ನಿಧಾನವಾಗಿ, ಅದಕ್ಕೆ ಕಟ್ಟಿಕೊಂಡ ಪಂಪ್ ಕೂಡ. ಬೇಡಿಕೆ ತುದಿ ಮುಟ್ಟಿದಾಗ ಪೂರೈಕೆ ತಳದಲ್ಲಿರುತ್ತದೆ. ಈ ವಿರೋಧಾಭಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನಮಗೆ ಸುಳಿವು ಕೊಡುತ್ತದೆ.

ಒಂದು ಹೆಂಟೆ ಮಣ್ಣಿನ ಕೆಲಸ

ಪವರ್ ಸ್ಟೀರಿಂಗ್ ಹುಟ್ಟಿದ್ದು ಐಷಾರಾಮದ ಆಸೆಯಿಂದಲ್ಲ, ಲಾರಿಯ ಕಷ್ಟದಿಂದ. ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ ಪಿಯರ್ಸ್-ಆರೋ ಕಂಪನಿಯ ಲಾರಿ ವಿಭಾಗದಲ್ಲಿದ್ದವರು. ಭಾರದ ಗಾಡಿಗಳನ್ನು ತಿರುಗಿಸುವ ಪಾಡು ಅವರಿಗೆ ಚೆನ್ನಾಗಿ ಗೊತ್ತಿತ್ತು. 1922ರಲ್ಲಿ ಕೆಲಸ ಬಿಟ್ಟು ಮ್ಯಾಸಚೂಸೆಟ್ಸ್‌ನ ವಾಲ್ಥಮ್‌ನಲ್ಲಿ ಸ್ವಂತ ಪ್ರಯೋಗಕ್ಕಿಳಿದು, 1926ರ ಹೊತ್ತಿಗೆ ಎಣ್ಣೆಯ ಬಲದಿಂದ ತಿರುಗುವ ಸ್ಟೀರಿಂಗನ್ನು ಕಾರಿಗೆ ಜೋಡಿಸಿ ತೋರಿಸಿದರು. ಆದರೂ ಅದು ಮಾರಾಟದ ಕಾರಿಗೆ ಬರಲು 1951ರ ಕ್ರೈಸ್ಲರ್ ಇಂಪೀರಿಯಲ್‌ವರೆಗೆ ಕಾಯಬೇಕಾಯಿತು. ಡೇವಿಸ್ ಅವರ ಜಾಣತನ ಇದ್ದದ್ದು ಒಂದು ಆಲೋಚನೆಯನ್ನು ತಲೆಕೆಳಗು ಮಾಡಿದ್ದರಲ್ಲಿ. ಒತ್ತಡ ತುಂಬಿದ ಎಣ್ಣೆಯನ್ನು ಕೂಡಿಟ್ಟು, ಬೇಕಾದಾಗ ಕವಾಟ ತೆರೆದು ಬಿಡುವುದು ಸಹಜವಾಗಿ ತೋಚುವ ದಾರಿ. ಹಾಗೆ ಕೂಡಿಟ್ಟ ಒತ್ತಡ ಸಂದುಗೊಂದುಗಳಲ್ಲಿ ಸದಾ ಸೋರುತ್ತದೆ. ಅವರು ಕವಾಟವನ್ನು ಸದಾ ತೆರೆದೇ ಇಟ್ಟರು. ಎಣ್ಣೆ ಯಾವ ತಡೆಯೂ ಇಲ್ಲದೆ ಸುಮ್ಮನೆ ಸುತ್ತು ಹೊಡೆಯುತ್ತಿರಲಿ, ಬಲ ಬೇಕಾದಾಗ ಮಾತ್ರ ದಾರಿ ಮುಚ್ಚೋಣ ಎಂದರು.

ಇದು ನಮ್ಮ ಹೊಲ-ತೋಟಗಳಲ್ಲಿ ನೀರು ಕಟ್ಟುವವರಿಗೆ ಹೊಸದಲ್ಲ. ಕಾಲುವೆಯಲ್ಲಿ ನೀರು ಸುಮ್ಮನೆ ಹರಿಯುತ್ತಿರುತ್ತದೆ. ಗುದ್ದಲಿಯಿಂದ ಒಂದು ಹೆಂಟೆ ಮಣ್ಣು ಅಡ್ಡ ಹಾಕಿದರೆ ನೀರು ಏರಿ ಎಡದ ಮಡಿಗೆ ನುಗ್ಗುತ್ತದೆ. ಹೆಂಟೆಯನ್ನು ಆಚೆಗೆ ಹಾಕಿದರೆ ಬಲದ ಮಡಿಗೆ. ರೈತನ ತೋಳಿಗೆ ಬೇಕಾದದ್ದು ಒಂದು ಹೆಂಟೆ ಎತ್ತುವ ಶಕ್ತಿ, ಮಡಿ ತುಂಬುವುದು ಕಾಲುವೆಯ ಶಕ್ತಿ. ಪವರ್ ಸ್ಟೀರಿಂಗ್ ಕೂಡ ಹೀಗೆಯೇ. ಪಂಪ್ ಕೊಡುವುದು ಹರಿವನ್ನು ಮಾತ್ರ. ಒತ್ತಡ ಹುಟ್ಟುವುದು ಆ ಹರಿವಿಗೆ ಅಡ್ಡ ಬಂದಲ್ಲಿ. ತೋಟಕ್ಕೆ ನೀರು ಹಾಯಿಸುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ. ಆ ಹೊತ್ತಿಗೆ ಮೋಟರಿನ ಬಲವೇನೂ ಹೆಚ್ಚಿರುವುದಿಲ್ಲ, ತಡೆಯಷ್ಟೇ ಹೆಚ್ಚಿರುತ್ತದೆ. ಹಾಗಾದರೆ ಸ್ಟೀರಿಂಗ್ ಬಿಗಿಯಾದಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಹರಿವು ಸಾಕಷ್ಟು ಬರುತ್ತಿದೆಯೇ? ಒಡ್ಡು ನೀರು ಹಿಡಿಯುತ್ತಿದೆಯೇ, ಸೋರುತ್ತಿದೆಯೇ? ಇವೆರಡೂ ಸರಿಯಿದ್ದರೆ, ತಳ್ಳಬೇಕಾದ ಹೊರೆಯೇ ಹೆಚ್ಚಾಗಿದೆಯೇ?

ಬೀಗದಲ್ಲಿ ತಿರುಚಿಕೊಳ್ಳುವ ಕೀಲಿಕೈ

ಚಾಲಕನ ಮನಸ್ಸಿನಲ್ಲಿರುವುದು ಕವಾಟಕ್ಕೆ ತಿಳಿಯುವುದಾದರೂ ಹೇಗೆ? ಎಷ್ಟು ತಡೆ ಹಾಕಬೇಕು, ಯಾವ ಕಡೆಗೆ ಹಾಕಬೇಕು ಎಂದು ಹೇಳುವವರು ಯಾರು? ತುಕ್ಕು ಹಿಡಿದ ಬೀಗಕ್ಕೆ ತೆಳುವಾದ ಕೀಲಿಕೈ ಹಾಕಿ ತಿರುವುವುದನ್ನು ನೆನೆಯಿರಿ. ಬೀಗ ಸಲೀಸಾಗಿದ್ದರೆ ಕೀಲಿಕೈ ನೇರವಾಗಿಯೇ ತಿರುಗುತ್ತದೆ. ಬೀಗ ಗಟ್ಟಿಯಿದ್ದರೆ ಹಿಡಿ ತಿರುಗುತ್ತದೆ, ತುದಿ ತಿರುಗುವುದಿಲ್ಲ, ನಡುವಿನ ದಂಟು ತಿರುಚಿಕೊಳ್ಳುತ್ತದೆ. ಆ ತಿರುಚಿನ ಪ್ರಮಾಣವೇ ಬೀಗದ ಮೊಂಡುತನದ ಅಳತೆ. ಗೇರುಗಳಿರುವ ಸ್ಟೀರಿಂಗ್ ಪೆಟ್ಟಿಗೆಯ ಬಾಯಲ್ಲಿ ಇಂಥದ್ದೇ ಒಂದು ತೆಳುವಾದ ಉಕ್ಕಿನ ಕಡ್ಡಿ ಇದೆ. ಎಂಜಿನಿಯರುಗಳು ಟಾರ್ಷನ್ ಬಾರ್ ಎನ್ನುವ ಅದನ್ನು ತಿರುಚು ಸರಳು ಎನ್ನೋಣ. ಅದರ ಮೇಲ್ತುದಿ ಚಾಲಕನ ಕೈಗೆ, ಕೆಳತುದಿ ಚಕ್ರಗಳಿಗೆ ಸೇರಿದೆ. ಚಕ್ರಗಳು ತಿರುಗಲು ಒಪ್ಪದಿದ್ದರೆ ಸರಳು ಕೆಲವೇ ಡಿಗ್ರಿ ತಿರುಚಿಕೊಳ್ಳುತ್ತದೆ. ಅಷ್ಟು ತಿರುಚಿಗೆ, ಒಂದರೊಳಗೊಂದು ಕುಳಿತ ಎರಡು ಕೊಳವೆಗಳ ಗೀರುಗಳು ಪರಸ್ಪರ ಸರಿದು, ಎಣ್ಣೆಯ ಒಂದು ದಾರಿ ಕಿರಿದಾಗಿ ಇನ್ನೊಂದು ಅಗಲವಾಗುತ್ತದೆ. ಹೆಂಟೆ ಮಣ್ಣು ಬಿತ್ತು. ಎಣ್ಣೆ ಪೆಟ್ಟಿಗೆಯೊಳಗಿನ ಕೊಂತದ, ಅಂದರೆ ಪಿಸ್ಟನ್ನಿನ, ಒಂದು ಬದಿಗೆ ನುಗ್ಗಿತು, ಕೊಂತ ಸರಿಯಿತು, ಚಕ್ರ ತಿರುಗಿತು. ಚಕ್ರ ತಿರುಗಿದ ಕೂಡಲೇ ಸರಳಿನ ಕೆಳತುದಿಯೂ ತಿರುಗಿ ತಿರುಚು ಬಿಚ್ಚುತ್ತದೆ. ಹೆಂಟೆ ತಾನಾಗಿ ಸರಿದುಹೋಗುತ್ತದೆ. ಕೈ ಎಷ್ಟು ಕೇಳಿತೋ ಅಷ್ಟಕ್ಕೆ ಮಾತ್ರ ಎಣ್ಣೆಯ ಒತ್ತಾಸೆ.

ಈ ಒತ್ತಾಸೆಯ ಪ್ರಮಾಣ ಸಣ್ಣದಲ್ಲ. ಲೆಕ್ಕಕ್ಕೆಂದು ಕೊಂತದ ಅಡ್ಡಳತೆ 7.5 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅದರ ಮುಖದ ವಿಸ್ತಾರ ಸುಮಾರು 44 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ 100 ಬಾರ್ ಮುಟ್ಟಿದರೆ ಪ್ರತಿ ಚದರ ಸೆಂಟಿಮೀಟರಿಗೂ ಸುಮಾರು 100 ಕಿಲೋ ಭಾರ ಬೀಳುತ್ತದೆ. ಒಟ್ಟು 4 ಟನ್ನಿಗೂ ಮೇಲೆ. 100 ಬಾರ್ ಎಂದರೆ ಕಾರಿನ ಟೈರಿನ ಗಾಳಿಯ ಒತ್ತಡದ ಸುಮಾರು 45 ಪಟ್ಟು. ಎರಡು ಬೆರಳಲ್ಲಿ ತಿರುಗುವ ಸ್ಟೀರಿಂಗ್ ಚಕ್ರದ ಹಿಂದೆ ಇಷ್ಟೊಂದು ಬಲ ಅಡಗಿದೆ.

ಈಗ ಮೊದಲ ಒಗಟು ಬಿಡಿಸಬಹುದು. ಎಣ್ಣೆ ನಿಂತರೂ ಸಂಬಂಧ ಕಡಿಯುವುದಿಲ್ಲ. ಸರಳು ತನ್ನ ಮಿತಿಯವರೆಗೆ ತಿರುಚಿದ ಮೇಲೆ ಉಕ್ಕಿನ ಹಲ್ಲುಗಳು ಒಂದಕ್ಕೊಂದು ತಾಗಿ, ಕೈ ನೇರವಾಗಿ ಚಕ್ರವನ್ನು ತಳ್ಳತೊಡಗುತ್ತದೆ. ಆದರೆ ಹಳೆಯ ಲಾರಿಯ ಸ್ಟೀರಿಂಗ್ ಚಕ್ರ ದೊಡ್ಡದು, ಗೇರು ನಿಧಾನದ್ದು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹಲವು ಸುತ್ತು ಸುತ್ತಿಸಿ, ದೂರವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರ ಅದು. ಪವರ್ ಇರುವ ಗಾಡಿಯಲ್ಲಿ ಆ ವ್ಯಾಪಾರ ಬೇಡವೆಂದು ಸ್ಟೀರಿಂಗ್ ಚಕ್ರವನ್ನು ಚಿಕ್ಕದು ಮಾಡಿ ಸುತ್ತುಗಳನ್ನು ಕಡಿಮೆ ಮಾಡಿದ್ದಾರೆ. ಒತ್ತಾಸೆ ಹೋದಾಗ ಹಳೆಯ ಲಾರಿಯ ಅನುಕೂಲವೂ ಇಲ್ಲ, ಹೊಸದರ ಬಲವೂ ಇಲ್ಲ. ಸಾಲದ್ದಕ್ಕೆ ಪೆಟ್ಟಿಗೆಯೊಳಗೆ ಸತ್ತು ಕೂತ ಎಣ್ಣೆಯನ್ನೂ ಕೈಯೇ ತಳ್ಳಬೇಕು.

ಒತ್ತಡದ ಬರ, ಹರಿವಿನ ಬರ

ಬಿಗಿ ಸ್ಟೀರಿಂಗಿನ ಪತ್ತೆಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ವಿಂಗಡಣೆ ಇದು: ಒತ್ತಡ ನಿರ್ಧರಿಸುವುದು ಎಷ್ಟು ಭಾರ ತಿರುಗಬಹುದು ಎಂಬುದನ್ನು, ಹರಿವು ನಿರ್ಧರಿಸುವುದು ಎಷ್ಟು ಬೇಗ ತಿರುಗಬಹುದು ಎಂಬುದನ್ನು. ಮೇಲಿನ ಕೊಂತವೇ 8 ಸೆಂಟಿಮೀಟರ್ ಸರಿಯಬೇಕು ಎಂದುಕೊಂಡರೆ ಅದರ ಹಿಂದೆ 350 ಮಿಲಿಲೀಟರಿನಷ್ಟು ಎಣ್ಣೆ ತುಂಬಬೇಕು. ಚಾಲಕ ಮೂರು ಸೆಕೆಂಡಿನಲ್ಲಿ ಸ್ಟೀರಿಂಗನ್ನು ಕೊನೆಯಿಂದ ಕೊನೆಗೆ ಎಳೆದರೆ ನಿಮಿಷಕ್ಕೆ 7 ಲೀಟರ್ ವೇಗದಲ್ಲಿ ಎಣ್ಣೆ ಬರಬೇಕು. ಬರದಿದ್ದರೆ ಕೈ ಕೊಂತಕ್ಕಿಂತ ಮುಂದೆ ಓಡಿ ಸ್ಟೀರಿಂಗ್ ಥಟ್ಟನೆ ಹಿಡಿದಂತಾಗುತ್ತದೆ. ನಿಧಾನಕ್ಕೆ ತಿರುಗಿಸಿದಾಗ ಹಗುರ, ಬೇಗ ತಿರುಗಿಸಿದಾಗ ಕಲ್ಲು ಎಂದರೆ ಅದು ಹರಿವಿನ ಬರ. ಹಾಗಿದ್ದಾಗ ಎಂಜಿನ್ ವೇಗ ಸ್ವಲ್ಪ ಏರಿಸಿ ನೋಡಬೇಕು. ಆಗ ಸರಿಹೋದರೆ ಬೆಲ್ಟ್ ಜಾರುತ್ತಿದೆಯೇ, ಎಣ್ಣೆಯ ಮಟ್ಟ ಇಳಿದಿದೆಯೇ, ನೊರೆ ಎದ್ದಿದೆಯೇ, ಪಂಪಿನ ರೆಕ್ಕೆಗಳು ಸವೆದಿವೆಯೇ ಎಂದು ಆ ಕಡೆ ಹುಡುಕಬೇಕು. ಇಂದಿನ ಬೆಲ್ಟುಗಳು ಹಳೆಯವುಗಳಂತೆ ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ. ಟೈರಿನಂತೆ ಸದ್ದಿಲ್ಲದೆ ಸವೆಯುತ್ತವೆ. ಕೀರಲು ಸದ್ದು ಬರುತ್ತಿಲ್ಲ ಎಂದ ಮಾತ್ರಕ್ಕೆ ಬೆಲ್ಟ್ ನಿರಪರಾಧಿಯಲ್ಲ. ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ಪಂಪನ್ನು ಗೇರೇ ತಿರುಗಿಸುತ್ತದೆ, ಅಲ್ಲಿ ಮಾತ್ರ ಬೆಲ್ಟಿನ ಅನುಮಾನವೇ ಬೇಡ.

ನಿಧಾನಕ್ಕೆ ತಿರುಗಿಸಿದರೂ, ಎಂಜಿನ್ ಏರಿಸಿದರೂ ಬಿಗಿ ಬಿಗಿಯಾಗಿಯೇ ಉಳಿದರೆ ಅದು ಒತ್ತಡದ ಬರ ಅಥವಾ ಹೊರೆಯ ಹೆಚ್ಚಳ. ಒತ್ತಡ ಮಿತಿಮೀರಿ ಕೊಳವೆಗಳು ಒಡೆಯದಿರಲೆಂದು ಪಂಪಿನಲ್ಲೊಂದು ಬಿಡುಗಡೆ ಕವಾಟ ಇರುತ್ತದೆ. ಪ್ರೆಷರ್ ಕುಕ್ಕರಿನ ಸೀಟಿಯ ಕೆಲಸ ಅದರದ್ದು. ಕಸ ಸಿಕ್ಕಿ ಅದು ಅರೆತೆರೆದು ನಿಂತರೆ ಕುಕ್ಕರಿನಲ್ಲಿ ಬೇಳೆ ಬೇಯದು. ಪೆಟ್ಟಿಗೆಯೊಳಗಿನ ಉಂಗುರಗಳು ಸವೆದರೆ ಎಣ್ಣೆ ಕೊಂತದ ಒಂದು ಬದಿಯಿಂದ ಇನ್ನೊಂದಕ್ಕೆ ಕದ್ದು ಹೋಗುತ್ತದೆ. ಒಡ್ಡು ಕಟ್ಟಿದ್ದೇವೆ, ಆದರೆ ಏಡಿಬಿಲ. ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ, ಡಬ್ಬಿಯಲ್ಲಿ ಎಣ್ಣೆ ತುಂಬಿದೆ, ಆದ್ದರಿಂದ ಎಣ್ಣೆಯ ಕಡೆ ದೋಷವಿಲ್ಲ ಎಂಬ ವಾದ ನಿಲ್ಲದಿರುವುದು ಇಲ್ಲೇ. ಒಳಸೋರಿಕೆಗೆ ಹನಿ ಇರುವುದಿಲ್ಲ.

ಹೊತ್ತು ಕೂಡ ಸಾಕ್ಷಿ ಹೇಳುತ್ತದೆ. ಎಣ್ಣೆ ಬಿಸಿಯಾದಂತೆ ತೆಳುವಾಗುತ್ತದೆ, ಸವೆದ ಸಂದುಗಳಲ್ಲಿ ಸುಲಭವಾಗಿ ನುಸುಳುತ್ತದೆ. ಹಾಗಾಗಿ ಟ್ರೇಲರ್ ಎಳೆದು ಬಂದ ಮೇಲೆ, ಬಿಸಿ ಎಂಜಿನ್ ನಿಧಾನಕ್ಕೆ ತಿರುಗುವಾಗ ಬಿಗಿಯಾಯಿತೆಂದರೆ ಸವೆದ ಪಂಪಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಚಳಿಯ ಬೆಳಿಗ್ಗೆ ಬಿಗಿ, ಹತ್ತು ನಿಮಿಷ ಓಡಿದ ಮೇಲೆ ಹಗುರ. ತಣ್ಣಗೆ ಗಟ್ಟಿಯಾಗಿ ಕುಳಿತ ಉಂಗುರಗಳು ಸವೆದ ಗೋಡೆಗೆ ಅಂಟಿಕೊಳ್ಳದೆ ಸೋರುತ್ತವೆ, ಬಿಸಿಯಾಗಿ ಮೆತ್ತಗಾದ ಮೇಲೆ ಹಿಡಿದುಕೊಳ್ಳುತ್ತವೆ. 1980ರ ದಶಕದ ಕೆಲವು ಅಮೆರಿಕನ್ ಕಾರುಗಳಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಬಸುರಿಯರ ಬೆಳಗಿನ ವಾಕರಿಕೆಗೆ ಇಂಗ್ಲಿಷಿನಲ್ಲಿರುವ ಹೆಸರನ್ನೇ ಮೆಕ್ಯಾನಿಕ್‌ಗಳು ಈ ರೋಗಕ್ಕೂ ಇಟ್ಟಿದ್ದರು. ಒಂದೇ ಕಡೆಗೆ ತಿರುಗಿಸುವಾಗ ಬಿಗಿ, ಇನ್ನೊಂದು ಕಡೆಗೆ ಹಗುರ ಎಂದರೆ ಪಂಪನ್ನು ಬಿಟ್ಟುಬಿಡಬಹುದು. ಪಂಪಿಗೆ ಎಡಬಲದ ಭೇದ ಗೊತ್ತಿಲ್ಲ, ಆ ಭೇದ ಗೊತ್ತಿರುವುದು ಕವಾಟ ಮತ್ತು ಪೆಟ್ಟಿಗೆಗೆ ಮಾತ್ರ.

ಮರಳಿಸುವುದು ಎಣ್ಣೆಯ ಕೆಲಸವಲ್ಲ

ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತದಲ್ಲ, ಅದನ್ನು ಮಾಡುವುದು ಎಣ್ಣೆಯಲ್ಲ. ಚಕ್ರ ತಿರುಗುವ ಗೂಟವನ್ನು ಕೊಂಚ ಹಿಂದಕ್ಕೆ ವಾಲಿಸಿ ಕೂರಿಸಿರುತ್ತಾರೆ. ಆ ಓರೆಯಿಂದ, ಉರುಳುವ ಚಕ್ರ ತನ್ನಷ್ಟಕ್ಕೆ ನೇರವಾಗಲು ಹವಣಿಸುತ್ತದೆ. ಎಣ್ಣೆ ಕೈ ಕೇಳಿದ್ದಕ್ಕಷ್ಟೇ ಓಗೊಡುವುದರಿಂದ, ಕೈ ಬಿಟ್ಟ ಮೇಲೆ ಅದು ಮೌನಿ. ಈ ಸಣ್ಣ ಸಂಗತಿಯಲ್ಲಿ ದೊಡ್ಡ ಸುಳಿವಿದೆ. ಸ್ಟೀರಿಂಗ್ ತಿರುಗಿಸಲೂ ಬಿಗಿ, ತಿರುಗಿಸಿದ ಮೇಲೆ ಮರಳಿ ಬರಲೂ ಒಲ್ಲದು ಎಂದರೆ ಎಣ್ಣೆಯ ಕೊರತೆಗಿಂತ ಉಕ್ಕಿನ ಉಜ್ಜಾಟವೇ ಕಾರಣವಾಗಿರುವ ಸಂಭವ ಹೆಚ್ಚು. ಒತ್ತಾಸೆ ಕಡಿಮೆಯಾದರೆ ತಿರುಗಿಸುವುದು ಕಷ್ಟವಾದೀತು. ಮರಳುವುದಕ್ಕೇ ಅಡ್ಡಿ ಬರಬೇಕಾದರೆ ಏನೋ ಹಿಡಿದುಕೊಂಡಿರಬೇಕು.

ಹಿಡಿದುಕೊಳ್ಳುವವರು ಯಾರು? ಹಿಮ ಬೀಳುವ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಗಾಡಿಯ ಅಡಿಯ ಕೀಲುಗಳಿಗೆ ಶನಿ. ಚಕ್ರ ತಿರುಗುವ ಮೇಲಿನ ಕೆಳಗಿನ ಗುಂಡುಕೀಲುಗಳು, ಅಂದರೆ ಬಾಲ್ ಜಾಯಿಂಟುಗಳು, ಗ್ರೀಸ್ ಒಣಗಿ ತುಕ್ಕು ಕಟ್ಟಿದರೆ ಬಿಗಿಯುತ್ತವೆ. ಸ್ಟೀರಿಂಗ್ ಕಂಬದಿಂದ ಪೆಟ್ಟಿಗೆಗೆ ಇಳಿಯುವ ದಂಡದ ಶಿಲುಬೆಯಾಕಾರದ ಕೀಲು ಹಿಡಿದುಕೊಂಡರೆ ಅದರ ಗುರುತೇ ಬೇರೆ: ಸ್ಟೀರಿಂಗಿನ ಪ್ರತಿ ಸುತ್ತಿಗೂ ಎರಡು ಕಡೆ ಬಿಗಿ, ಎರಡು ಕಡೆ ಹಗುರ. ಅದುರು ತಡೆಯಲು ಹಾಕಿರುವ ಸ್ಟೀರಿಂಗ್ ಡ್ಯಾಂಪರ್ ಬಾಗಿಯೋ ತುಕ್ಕು ಹಿಡಿದೋ ಅಂಟಿಕೊಂಡಿರಬಹುದು. ಅದರ ಒಂದು ತುದಿ ಬಿಚ್ಚಿ ನೋಡಲು ಹೆಚ್ಚು ಹೊತ್ತು ಬೇಡ. ಮನುಷ್ಯ ಮಾಡಿಟ್ಟ ರೋಗವೂ ಒಂದಿದೆ. ಸ್ಟೀರಿಂಗಿನಲ್ಲಿ ಪ್ಲೇ ಜಾಸ್ತಿಯಾಯಿತೆಂದು ಪೆಟ್ಟಿಗೆಯ ಮೇಲಿನ ಹೊಂದಾಣಿಕೆಯ ತಿರುಪನ್ನು ಬಿಗಿದುಬಿಡುತ್ತಾರೆ. ಪ್ಲೇ ಕಡಿಮೆಯಾಗುತ್ತದೆ ನಿಜ, ಆದರೆ ಒಳಗಿನ ಹಲ್ಲುಗಳು ನಡುಮಧ್ಯದಲ್ಲಿ ಕಚ್ಚಿಕೊಂಡು ಸ್ಟೀರಿಂಗ್ ನೇರದ ಜಾಗದಲ್ಲೇ ಬಿಗಿಯಾಗುತ್ತದೆ.

ಎಣ್ಣೆಯ ದೋಷವನ್ನು ಉಕ್ಕಿನ ದೋಷದಿಂದ ಬೇರೆ ಮಾಡುವ ಪರೀಕ್ಷೆ ಸರಳವಾದದ್ದು. ಮುಂದಿನ ಅಚ್ಚನ್ನು ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಎಂಜಿನ್ ನಿಲ್ಲಿಸಿ, ಸ್ಟೀರಿಂಗನ್ನು ಕೈಯಲ್ಲಿ ತಿರುಗಿಸಬೇಕು. ಎಣ್ಣೆಯನ್ನು ತಳ್ಳುವಷ್ಟು ತಡೆ ಒಂದೇ ಸಮನಾಗಿ ಇರುವುದು ಸಹಜ. ನಡುನಡುವೆ ಕಚ್ಚಿದರೆ, ಮುಗ್ಗರಿಸಿದರೆ ಅದು ಉಕ್ಕಿನ ದೂರು. ಆಮೇಲೆ ಪೆಟ್ಟಿಗೆಯಿಂದ ಚಕ್ರಗಳಿಗೆ ಹೋಗುವ ಸಲಾಕೆಯನ್ನು ಕಳಚಿದರೆ ಹುಡುಕುವ ಜಾಗ ಎರಡು ಪಾಲಾಗುತ್ತದೆ. ಈಗ ಚಕ್ರಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿದಾಗ ಬಿಗಿ ಅಲ್ಲೇ ಉಳಿದಿದ್ದರೆ ತಪ್ಪು ಕೆಳಗಿನ ಕೀಲುಗಳದ್ದು, ಸ್ಟೀರಿಂಗ್ ಕಡೆ ಉಳಿದಿದ್ದರೆ ಪೆಟ್ಟಿಗೆ ಅಥವಾ ದಂಡದ್ದು.

ಬ್ರೇಕಿನ ಜೊತೆ ಪಾಲುದಾರಿಕೆ

ಹೆವಿ ಡ್ಯೂಟಿ ಪಿಕಪ್ಪಿಗೆ ವಿಶೇಷವಾದ ಇನ್ನೊಂದು ತೊಡಕು ಇದೆ. ಪೆಟ್ರೋಲ್ ಕಾರಿನಲ್ಲಿ ಬ್ರೇಕನ್ನು ಹಗುರ ಮಾಡುವುದು ಎಂಜಿನ್ ಉಸಿರೆಳೆಯುವಾಗ ಉಂಟಾಗುವ ನಿರ್ವಾತ. ಡೀಸೆಲ್ ಎಂಜಿನ್ ಗಾಳಿಯನ್ನು ತಡೆಯಿಲ್ಲದೆ ಒಳಗೆಳೆಯುವುದರಿಂದ ಅಲ್ಲಿ ಈ ನಿರ್ವಾತ ಪುಕ್ಕಟೆ ಸಿಗುವುದಿಲ್ಲ. ಅದಕ್ಕೇ ಫೋರ್ಡ್ ಸೂಪರ್ ಡ್ಯೂಟಿಯಂಥ ಡೀಸೆಲ್ ಪಿಕಪ್‌ಗಳಲ್ಲಿ ಬ್ರೇಕಿಗೂ ಸ್ಟೀರಿಂಗಿನ ಎಣ್ಣೆಯನ್ನೇ ಬಳಸುವ ಹೈಡ್ರೋಬೂಸ್ಟ್ ಎಂಬ ವ್ಯವಸ್ಥೆ ಬಂತು. ಪಂಪಿನಿಂದ ಹೊರಟ ಎಣ್ಣೆ ಮೊದಲು ಬ್ರೇಕಿನ ಮನೆಗೆ ಹೋಗಿ, ಅಲ್ಲಿಂದ ಸ್ಟೀರಿಂಗ್ ಪೆಟ್ಟಿಗೆಗೆ ಬರುತ್ತದೆ. ಒಂದೇ ಕಾಲುವೆ, ಮೇಲಿನ ಹೊಲದವನು ಒಬ್ಬ, ಕೆಳಗಿನ ಹೊಲದವನು ಇನ್ನೊಬ್ಬ.

ಈ ಪಾಲುದಾರಿಕೆಯಿಂದ ಒಂದು ಸ್ಪಷ್ಟ ಲಕ್ಷಣ ಹುಟ್ಟುತ್ತದೆ. ನಿಂತಲ್ಲೇ ಬ್ರೇಕ್ ಒತ್ತಿ ಹಿಡಿದು ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ತೀರ ಬಿಗಿಯಾದರೆ, ಎರಡು ಹೊಲಕ್ಕೆ ಸಾಲುವಷ್ಟು ನೀರು ಪಂಪಿನಿಂದ ಬರುತ್ತಿಲ್ಲ, ಇಲ್ಲವೇ ಮೇಲಿನ ಹೊಲದ ಬದು ಒಡೆದಿದೆ. ಸ್ವಲ್ಪ ಭಾರವಾಗುವುದು ಸಹಜ, ಕಲ್ಲಾಗುವುದು ಸಹಜವಲ್ಲ. ಸ್ಟೀರಿಂಗ್ ಬಿಗಿಯ ಜೊತೆಗೆ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗಿದ್ದರೆ ದೋಷ ಇಬ್ಬರಿಗೂ ಸಮಾನವಾದ ಜಾಗದಲ್ಲಿ, ಎಂದರೆ ಎಣ್ಣೆ, ಬೆಲ್ಟ್, ಪಂಪ್ ಇವುಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಬ್ರೇಕ್ ಚೆನ್ನಾಗಿದ್ದು ಸ್ಟೀರಿಂಗ್ ಒಂದೇ ಬಿಗಿಯಾಗಿದ್ದರೆ ಕೆಳಗಿನ ಹೊಲವನ್ನು ಮೊದಲು ನೋಡಬೇಕು. ಇಂಥ ಗಾಡಿಗಳಲ್ಲಿ ಬಿಗಿ ಸ್ಟೀರಿಂಗನ್ನು ತೋಳಿನ ನೋವೆಂದು ಕಡೆಗಣಿಸಬಾರದು. ಅದೇ ಕೊರತೆ ನಾಳೆ ಬ್ರೇಕಿಗೂ ಬರಬಹುದು.

ಐದು ಸೆಕೆಂಡಿನ ಸಾಕ್ಷ್ಯ

ಲಕ್ಷಣಗಳು ಅನುಮಾನವನ್ನು ಕಿರಿದು ಮಾಡುತ್ತವೆ, ತೀರ್ಪು ಕೊಡುವುದು ಅಳತೆ. ಪಂಪಿನಿಂದ ಹೊರಡುವ ಕೊಳವೆಯ ನಡುವೆ ಒತ್ತಡದ ಗೇಜನ್ನೂ, ಗೇಜಿನ ಮುಂದೆ ಮುಚ್ಚಬಹುದಾದ ಒಂದು ಕವಾಟವನ್ನೂ ಜೋಡಿಸಬೇಕು. ಎಣ್ಣೆ ಬಿಸಿಯಾದ ಮೇಲೆ, ಕವಾಟ ತೆರೆದು, ಸ್ಟೀರಿಂಗ್ ನೇರವಾಗಿಟ್ಟು ನೋಡಿದರೆ ಗೇಜು ಹೆಚ್ಚೇನೂ ತೋರಿಸಬಾರದು. ತೋರಿಸಿದರೆ ಎಲ್ಲೋ ಕೊಳವೆ ಒಳಗೇ ಕುಸಿದಿದೆ ಅಥವಾ ಮರಳುದಾರಿ ಕಟ್ಟಿಕೊಂಡಿದೆ. ಬಳಿಕ ಕವಾಟವನ್ನು ಪೂರ್ತಿ ಮುಚ್ಚಬೇಕು. ಈಗ ಪಂಪ್ ಒಂಟಿ, ಹರಿವಿಗೆ ಹೋಗಲು ಜಾಗವಿಲ್ಲ. ಕೈಪಿಡಿಯಲ್ಲಿ ಬರೆದ ಗರಿಷ್ಠ ಒತ್ತಡವನ್ನು ಅದು ಮುಟ್ಟಲೇಬೇಕು. ಆದರೆ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಮುಚ್ಚಿಡಕೂಡದು. ಹೋಗಲು ದಾರಿಯಿಲ್ಲದ ಶಕ್ತಿಯೆಲ್ಲ ಶಾಖವಾಗಿ ಪಂಪನ್ನೇ ಸುಡುತ್ತದೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಒತ್ತಿ ಹಿಡಿಯಬಾರದು ಎಂದು ಚಾಲಕರಿಗೆ ಹೇಳುವುದೂ ಇದೇ ಕಾರಣಕ್ಕೆ.

ಪಂಪ್ ಒಂಟಿಯಾಗಿ ಒತ್ತಡ ಮುಟ್ಟದಿದ್ದರೆ ತಪ್ಪು ಪಂಪಿನದ್ದು ಅಥವಾ ಅದರ ಬಿಡುಗಡೆ ಕವಾಟದ್ದು. ಮುಟ್ಟಿದರೆ ಪಂಪಿಗೆ ಖುಲಾಸೆ. ಮುಂದೆ ಕವಾಟ ತೆರೆದು, ಸ್ಟೀರಿಂಗನ್ನು ಕೊನೆಗೆ ತಿರುಗಿಸಿ ಎರಡು ಕ್ಷಣ ಹಿಡಿದಾಗಲೂ ಅಷ್ಟೇ ಒತ್ತಡ ಬರಬೇಕು. ಬರದಿದ್ದರೆ ಒಡ್ಡು ಸೋರುತ್ತಿದೆ: ಪೆಟ್ಟಿಗೆಯಲ್ಲೋ, ನಡುವಿನ ಹೈಡ್ರೋಬೂಸ್ಟಿನಲ್ಲೋ. ಎರಡೂ ಪರೀಕ್ಷೆಯಲ್ಲಿ ಒತ್ತಡ ಸರಿಯಿದ್ದೂ ಸ್ಟೀರಿಂಗ್ ಬಿಗಿಯಾಗಿದ್ದರೆ ಎಣ್ಣೆ ತನ್ನ ಕೆಲಸ ಮಾಡುತ್ತಿದೆ, ಹಿಡಿದುಕೊಂಡಿರುವುದು ಉಕ್ಕು.

ಪಂಪ್ ಬದಲಿಸಿಬಿಟ್ಟರೆ ಸಾಲದೇ?

ಇಷ್ಟೆಲ್ಲ ಪರೀಕ್ಷೆಯ ಗೋಜಲೇಕೆ, ಪಂಪ್ ಹೇಗೂ ಹಳೆಯದಾಗಿದೆ, ಬದಲಿಸಿಬಿಡೋಣ ಎನ್ನುವವರ ವಾದದಲ್ಲಿ ಸ್ವಲ್ಪ ಹುರುಳಿದೆ. ಪಂಪ್ ಸದಾ ತಿರುಗುವ ಭಾಗ, ಸವೆಯುವುದೂ ನಿಜ. ಆದರೆ ಪಂಪ್ ಸವೆದಿದ್ದರೆ ಸವೆದ ಲೋಹ ಎಲ್ಲಿ ಹೋಯಿತು? ಅದು ಎಣ್ಣೆಯಲ್ಲೇ ತೇಲುತ್ತಿದೆ, ಡಬ್ಬಿಯ ತಳದ ಜಾಲರಿಯಲ್ಲಿ ಸಿಕ್ಕಿದೆ, ಪೆಟ್ಟಿಗೆಯ ಕವಾಟದ ಗೀರುಗಳಲ್ಲಿ ಕೂತಿದೆ. ಜಾಲರಿ ಕಟ್ಟಿಕೊಂಡರೆ ಹೊಸ ಪಂಪ್ ಎಣ್ಣೆಗಾಗಿ ಬಾಯಿ ಬಿಡುತ್ತದೆ, ಗಾಳಿ ಎಳೆದು ನೊರೆ ಎಬ್ಬಿಸಿ ಕೂಗುತ್ತದೆ. ಹಳೆಯ ಎಣ್ಣೆಯಲ್ಲಿ ಹೊಸ ಪಂಪ್ ಹಾಕುವುದು ಹೂಳು ತುಂಬಿದ ಬಾವಿಗೆ ಹೊಸ ಮೋಟರ್ ಇಳಿಸಿದಂತೆ. ಇನ್ನು ರೋಗ ಗುಂಡುಕೀಲಿನಲ್ಲಿದ್ದರಂತೂ ಹೊಸ ಪಂಪಿನ ಹಣ ನೀರಿನಲ್ಲಿ ಮಾಡಿದ ಹೋಮ.

ಅಂಗಡಿಯಲ್ಲಿ ಸಿಗುವ ಶೀಷೆಯ ಔಷಧಿ ಹಾಕಿದೆವು, ಸ್ಟೀರಿಂಗ್ ಹಗುರವಾಯಿತು ಎನ್ನುವವರೂ ಸುಳ್ಳು ಹೇಳುತ್ತಿರುವುದಿಲ್ಲ. ಅಂಥ ಹಲವು ದ್ರವಗಳು ರಬ್ಬರ್ ಉಂಗುರಗಳನ್ನು ಉಬ್ಬಿಸಿ ಸೋರಿಕೆಯನ್ನು ಕೆಲಕಾಲ ತಗ್ಗಿಸುತ್ತವೆ. ಆದರೆ ಉಬ್ಬಿದ ಉಂಗುರ ಬೇಗ ಸವೆಯುತ್ತದೆ. ಜ್ವರ ಇಳಿದಿದೆ, ಸೋಂಕು ಉಳಿದಿದೆ. ಮೂರನೆಯ ಆಕ್ಷೇಪ ಕಾಲದ್ದು: ಎಲ್ಲವೂ ವಿದ್ಯುತ್ ಸ್ಟೀರಿಂಗ್ ಆಗುತ್ತಿರುವಾಗ ಈ ಎಣ್ಣೆಯ ಪುರಾಣ ಯಾಕೆ? ಫೋರ್ಡಿನ ಹಗುರ ಪಿಕಪ್ ಎಫ್-150 2011ರ ಹೊತ್ತಿಗೇ ವಿದ್ಯುತ್ತಿನ ಕಡೆ ಹೊರಳಿತು ನಿಜ. ಅದೇ ಮನೆಯ ಭಾರದ ಅಣ್ಣಂದಿರು ಅದಾದ ಮೇಲೂ ಬಹುಕಾಲ ಎಣ್ಣೆಯನ್ನು ಬಿಡಲಿಲ್ಲ. ಟನ್ನುಗಟ್ಟಲೆ ಬಲವನ್ನು ಮುಷ್ಟಿಗಾತ್ರದ ಜಾಗದಲ್ಲಿ ಕೊಡುವುದರಲ್ಲಿ ಎಣ್ಣೆಗೆ ಸಾಟಿಯಾಗುವುದು 12 ವೋಲ್ಟ್ ಬ್ಯಾಟರಿಯ ಮೋಟರಿಗೆ ಸುಲಭವಲ್ಲ. ನಮ್ಮ ಹೆದ್ದಾರಿಗಳಲ್ಲಿ ಓಡುವ ಬಹುಪಾಲು ಭಾರದ ಲಾರಿ, ಬಸ್ಸುಗಳ ಸ್ಟೀರಿಂಗೂ ಇದೇ ತತ್ವದಲ್ಲಿ ನಡೆಯುತ್ತದೆ.

ದುರಸ್ತಿಯ ಸರದಿ

ರೋಗ ತಿಳಿದ ಮೇಲೆ ಮದ್ದಿನ ಕ್ರಮ ಅಗ್ಗದ್ದರಿಂದ ದುಬಾರಿಗೆ, ಸುಲಭದ್ದರಿಂದ ಕಷ್ಟಕ್ಕೆ ಹೋಗಬೇಕು. ಮೊದಲು ಟೈರಿನ ಗಾಳಿ, ಎಣ್ಣೆಯ ಮಟ್ಟ, ಅದರ ಬಣ್ಣ. ಸುಟ್ಟ ವಾಸನೆಯ ಕಪ್ಪು ಎಣ್ಣೆ ಹಳತಾದದ್ದು, ಹಾಲಿನಂತೆ ಕಂಡರೆ ಗಾಳಿ ಸೇರಿದ್ದು. ನಂತರ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಡ್ಯಾಂಪರ್, ದಂಡದ ಕೀಲು. ಅನಂತರ ಎಣ್ಣೆ ಬದಲಾವಣೆ. ಕೆಲವು ಗಾಡಿಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯೇ ಬೇಕು, ಕೆಲವಕ್ಕೆ ಸ್ಟೀರಿಂಗಿಗೆಂದೇ ಮಾಡಿದ್ದು. ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಬ್ರೇಕ್ ಎಣ್ಣೆಯನ್ನಂತೂ ಮರೆತೂ ಇಲ್ಲಿಗೆ ಸುರಿಯಬಾರದು. ಸ್ಟೀರಿಂಗಿನ ರಬ್ಬರ್ ಉಂಗುರಗಳನ್ನು ಅದು ಹಾಳುಮಾಡುತ್ತದೆ. ಸ್ಟೀರಿಂಗಿನ ಎಣ್ಣೆ ಬ್ರೇಕಿನ ಡಬ್ಬಿಗೆ ಬಿದ್ದರೂ ಅನಾಹುತವೇ. ಪಂಪನ್ನೋ ಪೆಟ್ಟಿಗೆಯನ್ನೋ ಬದಲಿಸಬೇಕಾಗಿ ಬಂದರೆ ಕೊಳವೆಗಳನ್ನು ತೊಳೆದು, ಜಾಲರಿ ಕಟ್ಟಿದ ಡಬ್ಬಿಯನ್ನೂ ಬದಲಿಸುವುದು ಲೇಸು. ದಂಡವನ್ನು ಕಳಚುವಾಗ ಸ್ಟೀರಿಂಗ್ ಚಕ್ರವನ್ನು ಅಲುಗದಂತೆ ಕಟ್ಟಬೇಕು. ಅದು ಬಿಡುಬೀಸಾಗಿ ತಿರುಗಿದರೆ ಏರ್‌ಬ್ಯಾಗಿಗೆ ಹೋಗುವ ಸುರುಳಿ ತಂತಿ ಹರಿಯುತ್ತದೆ.

ಕೊನೆಗೆ ಗಾಳಿ ತೆಗೆಯುವ ಕೆಲಸ. ಅವಸರದಲ್ಲಿ ಹೆಚ್ಚಿನವರು ಹಾರಿಸಿಬಿಡುವುದು ಇದನ್ನೇ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗಾಳಿ ಸೇರಿದ ಎಣ್ಣೆಯಿಂದ ಒಡ್ಡು ಕಟ್ಟುವುದು ಹತ್ತಿಯಿಂದ ಗೋಡೆ ಕಟ್ಟಿದಂತೆ. ಮುಂದಿನ ಚಕ್ರಗಳನ್ನು ಎತ್ತಿ, ಎಂಜಿನ್ ಚಾಲೂ ಮಾಡದೆ, ಸ್ಟೀರಿಂಗನ್ನು ಕೊನೆಯಿಂದ ಕೊನೆಗೆ ನಿಧಾನವಾಗಿ ಹತ್ತಿಪ್ಪತ್ತು ಸಲ ತಿರುಗಿಸುತ್ತಾ, ಗುಳ್ಳೆ ನಿಲ್ಲುವವರೆಗೆ ಎಣ್ಣೆ ತುಂಬುತ್ತಾ ಹೋಗಬೇಕು. ಎಂಜಿನ್ ಓಡುವಾಗ ಕೊಳವೆಯ ಸೋರಿಕೆಯನ್ನು ಬೆರಳಾಡಿಸಿ ಹುಡುಕಲೇಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ಗಾಯ ಚುಕ್ಕಿಯಷ್ಟು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದಂಥದ್ದು ಅದು. ಹುಡುಕಲು ಒಂದು ರಟ್ಟಿನ ತುಂಡು ಸಾಕು.

ಪಂಪ್ ಹರಿವನ್ನು ಕೊಡುತ್ತದೆ, ಕವಾಟ ಅದನ್ನು ತಡೆಯುತ್ತದೆ, ತಡೆದಲ್ಲಿ ಬಲ ಹುಟ್ಟುತ್ತದೆ, ಕೀಲುಗಳು ಆ ಬಲವನ್ನು ಚಕ್ರಕ್ಕೆ ಮುಟ್ಟಿಸುತ್ತವೆ. ಬಿಗಿಯಾದ ಸ್ಟೀರಿಂಗ್ ಈ ನಾಲ್ಕರಲ್ಲಿ ಒಂದರ ದೂರು. ಯಾವುದರದ್ದೆಂದು ಕೇಳಿಕೊಳ್ಳುವ ಮೊದಲೇ ಸ್ಪ್ಯಾನರ್ ಎತ್ತಿಕೊಳ್ಳಬೇಡಿ.